ಗೌಡನ ಮಗನ ಅರ್ಧ ಕಟಿಂಗ್

"ಏಳಲೇ ಮ್ಯಾಲ! ಯಾರ ಕೈಯಾಗ ತಲಿ ಕೊಟ್ಟು ಕುಂತೀದಿ, ಖಬರರ ಅದ ಏನು ನಿನಗ, ಸೂಳಿಮಗನ?"

ವಿಶ್ವಾರಾಧ್ಯಗೌಡ ಬೈದದ್ದು ಸ್ವಂತ ಮಗನಿಗೇ. ಶರಣಗೌಡ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ನಮ್ಮ ಕೇರಿಯ ಬೇವಿನಮರದ ಕೆಳಗೆ ಕಟಿಂಗ್ ಮಾಡುವ ನಮ್ಮ ಹುಡುಗ ತಿರುಪತಿಯ ಖುರ್ಚಿಯಲ್ಲಿ ಕೂತಿದ್ದ. ಎಡಗಡೆ ಮಶೀನು ಹೊಡೆದಾಗಿತ್ತು. ಬಲಗಡೆ ಕೂದಲು ಹಾಗೇ ಕಿವಿ ಮುಚ್ಚಿಕೊಂಡು ಇಳಿಬಿದ್ದಿತ್ತು.

"ಯಪ್ಪಾ, ಇನ್ನ ಅರ್ಧ ಉಳದದ..."

ಕಪಾಳಕ್ಕೆ ಬಿದ್ದ ಏಟಿಗೆ ಮಾತು ಅಲ್ಲೇ ನಿಂತಿತು. ಗೌಡ ತಿರುಪತಿಯ ಕಡೆ ತಿರುಗಿದ.

"ಮಾದಿಗ ಬಾಡ್ಯಾ, ನಿಮ್ಮಪ್ಪ ನಮ್ಮನಿ ಸತ್ತ ಎಮ್ಮಿ ಎಳಕೊಂಡು ಹೋಗಿ ತೊಗಲು ಸುಲೀತಿದ್ದ. ಅದು ನಿಮ್ಮ ಕೆಲಸ. ಮಂದಿ ತಲಿ ಮ್ಯಾಲ ಕೈ ಇಡೋ ಧಿಮಾಕು ಎಲ್ಲಿಂದ ಬಂತಲೇ?"

"ಹೈದ್ರಾಬಾದದಿಂದ ಬಂತ್ರಿ."

ತಿರುಪತಿ ಇದನ್ನು ಕುಚೋದ್ಯಕ್ಕೆ ಹೇಳಲಿಲ್ಲ. ಇದ್ದದ್ದನ್ನೇ ಹೇಳಿದ. ಆದರೆ ಸುತ್ತ ನಿಂತಿದ್ದ ನಮ್ಮಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೌಡನ ಕೋಲು ಮರಕ್ಕೆ ತೂಗುಹಾಕಿದ್ದ ಕನ್ನಡಿಗೆ ಬಿತ್ತು. ಗೌಡ ಒದ್ದ ಏಟಿಗೆ ಖುರ್ಚಿ ಉರುಳಿ ಒಂದು ಕಾಲು ಮುರಿಯಿತು.

"ನಾಳಿ ಇಲ್ಲಿ ಕತ್ತರಿ ಸಪ್ಪಳ ಕೇಳಿದ್ರ ಕೈಯೇ ಕತ್ತರಸ್ತೀನಿ," ಎಂದು ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಕೊರಳಿನ ಬಿಳಿ ಬಟ್ಟೆ ನೆಲಕ್ಕೆ ಹರಿದಾಡುತ್ತ ಅವನ ಹಿಂದೆ ಹೋಯಿತು.

ತಿರುಪತಿ ಹೈದರಾಬಾದಿಗೆ ಹೋದಾಗ ಅವನ ಕೈಗೆ ಸಿಕ್ಕದ್ದು ಮಣ್ಣಿನ ಬುಟ್ಟಿ. ಬಿಲ್ಡಿಂಗ್ ಕೆಲಸದಲ್ಲಿ ಕಲ್ಲು ಹೊತ್ತ, ಲಾರಿ ತೊಳೆದ, ಯಾರದೋ ಗೇಟಿನ ಮುಂದೆ ನಿಂತು ಸಲಾಮು ಹೊಡೆದ. ಕಡೆಗೆ ಸರದಾರಸಾಬನ ಕಟಿಂಗ್ ಅಂಗಡಿಯಲ್ಲಿ ಉದುರಿದ ಕೂದಲು ಗುಡಿಸುವ ಕೆಲಸಕ್ಕೆ ಸೇರಿದ. ಸರದಾರಸಾಬ ಶಹಾಪುರದವನು. "ಗುಡಸೋ ಕೈಗಿ ಕತ್ತರಸಾಕ ಬರಂಗಿಲ್ಲೇನು?" ಎಂದು ಒಂದಿನ ಅವನೇ ಕತ್ತರಿ ಕೊಟ್ಟ. ಅಲ್ಲಿ ತಲೆ ಕೊಟ್ಟವರು ಹಿಂದೆ ಸಣ್ಣಗೆ ಮಾಡು, ಮುಂದೆ ಉದ್ದ ಬಿಡು ಎನ್ನುತ್ತಿದ್ದರು. ನಿನ್ನದು ಯಾವ ಕೇರಿ ಎಂದು ಯಾರೂ ಕೇಳಲಿಲ್ಲ.

ನಮ್ಮೂರಲ್ಲಿ ಹಡಪದ ಲಿಂಗಣ್ಣನ ಕತ್ತರಿ ನಮ್ಮ ತಲೆ ಮುಟ್ಟುವುದಿಲ್ಲ. ಮುದುಕರು ಕುರಿ ಉಣ್ಣೆ ಕತ್ತರಿಸುವ ಕತ್ತರಿಯಿಂದ ಒಬ್ಬರದೊಬ್ಬರು ಕತ್ತರಿಸಿಕೊಂಡು ಕುರಿಯಂತೆಯೇ ಕಾಣುತ್ತಿದ್ದರು. ಉಳಿದವರು ಯಾದಗಿರಿ ಬಸ್ಸು ಹತ್ತಬೇಕು. ಅದಕ್ಕೇ ತಿರುಪತಿ ಸರದಾರಸಾಬ ಕೊಟ್ಟ ಹಳೇ ಖುರ್ಚಿ ಹೊತ್ತು ಊರಿಗೆ ಬಂದ. ಮೊದಲು ಕೇರಿಯ ತಲೆಗಳು ಬಂದವು. ಆಮೇಲೆ ಮೇಲೋಣಿಯ ಹುಡುಗರು ಮೊಬೈಲಿನಲ್ಲಿ ಹೊಸ ನಮೂನೆ ಕಟಿಂಗ್ ತೋರಿಸುತ್ತ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಹೊಲದ ದಾರಿಯಿಂದ ಬಂದರು. ಶರಣಗೌಡ ಆ ದಿನ ಮುಖ ಮುಚ್ಚಿಕೊಳ್ಳದೆ ಬಂದ. ಅವನಿಗೆ ಅವಸರ. ಮಧ್ಯಾಹ್ನಕ್ಕೆ ರಂಗಂಪೇಟೆಯಿಂದ ಹೆಣ್ಣಿನ ಕಡೆಯವರು ಗಂಡು ನೋಡಲು ಬರುವವರಿದ್ದರು.

ತಿರುಪತಿಯ ತಾಯಿ ದುರಗಮ್ಮ ಗೌಡನ ಮನೆಯಲ್ಲಿ ಸಗಣಿ ಬಳಿಯುವ ಕೆಲಸದವಳು. ಮುಂದೆ ನಡೆದದ್ದನ್ನೆಲ್ಲ ಅವಳು ಅಂಗಳದ ಮೂಲೆಯಲ್ಲಿ ಬುಟ್ಟಿ ಹಿಡಿದು ನಿಂತು ಕೇಳಿದಳು.

ಗೌಡ ಲಿಂಗಣ್ಣನನ್ನು ಕರೆಸಿದ. ಲಿಂಗಣ್ಣ ಶರಣಗೌಡನ ತಲೆಯನ್ನು ದೂರದಿಂದಲೇ ಸುತ್ತುಹಾಕಿ ನೋಡಿ, ಕೈ ಹಿಂದೆ ಕಟ್ಟಿಕೊಂಡ.

"ಇದು ನಾ ಮುಟ್ಟಂಗಿಲ್ರಿ ಗೌಡ್ರ."

"ಯಾಕಲೇ? ಹುಣ್ಣಾಗ್ಯಾವೇನು?"

"ಹುಣ್ಣಾದ ತಲಿ ಮುಟ್ಟೇ ನನ್ನ ಕತ್ತಿ ಕತ್ತರಿ ಹತ್ಯಾರ ಎಲ್ಲ ಬಾವಿ ಪಾಲಾದ್ವಲ್ರಿ. ಕೇರಿ ಕೂಸಿನ ತಲಿ ತುಂಬ ಹುಣ್ಣಾಗ್ಯಾವಂತ ಪಾಪ ಅಂದು ಬೋಳಿಸಿದ್ದೆ. ನೀವೇ ಹತ್ಯಾರ ಬಾವ್ಯಾಗ ಒಗಸಿದ್ರಿ. ಹನುಮಪ್ಪನ ಕಟ್ಟಿ ಮ್ಯಾಲ ಆಣಿ ಮಾಡಿಸಿದ್ರಿ. ಕೇರಿ ತಲಿ ನಾ ಮುಟ್ಟಬಾರದು, ಕೇರಿ ಕೈ ತಾಗಿದ ತಲೀನೂ ಮುಟ್ಟಬಾರದು ಅಂತ."

"ನಾನೇ ಹೇಳಿದ್ದು. ಈಗ ನಾನೇ ಹೇಳ್ತೀನಿ. ಕತ್ತರಸು."

"ನೀವೊಬ್ರು ಹೇಳಿದ್ರ ಮುಗೀತೇನ್ರಿ? ಓಣಿ ಮಂದಿಯೆಲ್ಲ ನೋಡ್ಯಾರ. ನಾಳಿ ನನ್ನ ಮುಂದ ಯಾರು ತಲಿ ಬಗ್ಗಸ್ತಾರ? ಬೇಕಾದ್ರ ಪೂರಾ ಬೋಳಿಸಿ ತಿಮ್ಮಪ್ಪಗ ಮುಡಿ ಕೊಟ್ಟಾನಂತ ಹೇಳ್ರಿ."

"ಬೋಳಸೋರು ಯಾರಲೇ?"

"ನಾ ಅಂತೂ ಅಲ್ರಿ."

ಒಳಗಿನಿಂದ ಗೌಡನ ಹೆಂಡತಿ ಕಲ್ಯಾಣಮ್ಮ ಕೂಗಿದಳು: "ಅಪ್ಪ ಬದುಕಿರತ್ಲೇ ಮಗನ ತಲಿ ಬೋಳಿಸ್ತೀರೇನು? ಬೀಗರು ಮಣ್ಣಿಗಿ ಬಂದೀವೇನೋ ಅಂದುಕೊಂಡಾರು!"

ರುಮಾಲು ಸುತ್ತಿ ನೋಡಿದರು. ನೆತ್ತಿ ಮುಚ್ಚಿತು. ಆದರೆ ಒಂದು ಕಿವಿಯ ಮೇಲೆ ಬೋಳು, ಇನ್ನೊಂದು ಕಿವಿಯ ಮೇಲೆ ಜೊಂಪೆ. ಶರಣಗೌಡ ಅವ್ವನ ಅರಿವೆ ಕತ್ತರಿಯಿಂದ ತಾನೇ ಕತ್ತರಿಸಿಕೊಳ್ಳಲು ಹೋಗಿ ಇನ್ನಷ್ಟು ಕೆಡಿಸಿಕೊಂಡ. ಅಷ್ಟರಲ್ಲಿ ಫೋನು ಬಂತು. ಬೀಗರ ಗಾಡಿ ಶಹಾಪುರ ದಾಟಿತ್ತು.

ಗೌಡನ ಕಣ್ಣು ಅಂಗಳದ ಮೂಲೆಗೆ ಹೋಯಿತು.

"ಏ ದುರಗಿ, ನಿನ್ನ ಮಗಗ ಹೇಳು. ಹಿತ್ತಲ ಬಾಗಿಲಿಂದ ದನದ ಕೊಟ್ಟಿಗ್ಗಿ ಬಂದು ಮುಗಿಸಿ ಹೋಗ್ಲಿ. ಒಂದು ನರಪಿಳ್ಳಿಗಿ ಗೊತ್ತಾಗಬಾರದು."

ದುರಗಮ್ಮ ಸಗಣಿ ಕೈಯಲ್ಲೇ ಕೇರಿಗೆ ಓಡಿ ಬಂದಳು.

"ಹೋಗಿ ಬಾ ನನ್ನಪ್ಪಾ. ಇದೊಂದು ಮಾಡಿಕೊಟ್ರ ಅಂಗಡಿ ಇಡಾಕ ಬಿಟ್ಟಾರು."

ತಿರುಪತಿ ಕನ್ನಡಿಯ ಚೂರುಗಳನ್ನು ಆರಿಸುತ್ತಿದ್ದ. "ಇವತ್ತ ಕೊಟ್ಟಿಗ್ಗಿ ಹ್ವಾದ್ರ ಸಾಯೋತನಕ ಕೊಟ್ಟಿಗ್ಗೇ ಕರೀತಾರ ಯವ್ವ. ದನಾ ಎಳಿಯಾಕ ನಮ್ಮಪ್ಪ ಹ್ವಾದ, ತಲಿ ಮಾಡಾಕ ನಾ ಹೋಗಬೇಕೇನು? ಆಗ ನಂದು ಅಂಗಡಿ ಎಲ್ಲಿ ಉಳೀತು?"

"ಹೊಡೀತಾರಲೇ ನಿನ್ನ!"

"ಹೊಡೀತಾರ."

ಮರದ ಬುಡದಲ್ಲಿ ಕೂತಿದ್ದ ತಿರುಪತಿಯ ಅಪ್ಪ ಅಮಾತೆಪ್ಪ ಎದ್ದ. ಗುಡಿಸಲೊಳಗೆ ಹೋಗಿ, ಗೂಟಕ್ಕೆ ತೂಗುತ್ತಿದ್ದ, ಬಾರಿಸುವ ಹಲಗೆಯ ತೊಗಲಿನ ಬಾರು ಬಿಚ್ಚಿಕೊಂಡು ಬಂದ. ಅದರಿಂದ ಖುರ್ಚಿಯ ಮುರಿದ ಕಾಲನ್ನು ಬಿಗಿದು, ಹಲ್ಲಿನಿಂದ ಗಂಟು ಜಗ್ಗಿದ.

"ಗೌಡನ ಮನಿ ಎಮ್ಮೀದೇ ತೊಗಲು," ಅಂದ. "ಇನ್ನ ಎಟ್ಟರ ಒದೀಲಿ."

ತಿರುಪತಿ ಖುರ್ಚಿ ತಲೆಯ ಮೇಲೆ ಹೊತ್ತು ಹಿತ್ತಲ ದಾರಿ ಬಿಟ್ಟು ನಡುಬೀದಿಯಲ್ಲೇ ನಡೆದ. ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆಯ ಮುಂದೆ ನಿಂತ. ಆ ಕಟ್ಟೆಯ ಮೇಲೆ ನಮ್ಮವರು ಕಾಲಿಟ್ಟದ್ದನ್ನು ನಮ್ಮ ಮುದುಕರೂ ನೋಡಿಲ್ಲ. ಅವನು ಹತ್ತಿದ. ಖುರ್ಚಿ ಇಟ್ಟ. ಅಂಗೈ ಅಗಲದ ಕನ್ನಡಿ ಚೂರನ್ನು ಅಗಸಿಯ ಗೋಡೆಯ ಸಂದಿಗೆ ಸಿಕ್ಕಿಸಿದ.

"ಅಂಗಡಿ ಇಲ್ಲಿ ಅದ," ಎಂದು ಗೌಡನ ಮನೆಗೆ ಕೇಳುವಂತೆ ಕೂಗಿದ. "ತಲಿ ಇಲ್ಲಿಗಿ ಬರ್ಲಿ!"

ಗೌಡ ಹೊರಗೆ ಬಂದ. ಅವನ ಹಿಂದೆ ಅವನ ಅಣ್ಣತಮ್ಮಂದಿರು, ಆಳುಗಳು ಬಂದರು. ಕೆಲವರ ಕೈಯಲ್ಲಿ ಬಡಿಗೆಗಳಿದ್ದವು. ಬೈಗುಳ ನಮ್ಮ ಅವ್ವಂದಿರ ತನಕ, ಅವರ ಅವ್ವಂದಿರ ತನಕ ಹೋಯಿತು. ಯಾರೋ ಒಬ್ಬ ಕಟ್ಟೆಗೆ ಕಾಲಿಟ್ಟ. ಅಷ್ಟರಲ್ಲಿ ಶರಣಗೌಡ ಅವರ ನಡುವೆ ನುಗ್ಗಿ ಬಂದು, ರುಮಾಲು ಕಿತ್ತೆಸೆದು ಖುರ್ಚಿಯಲ್ಲಿ ಕೂತುಬಿಟ್ಟ.

"ಲಗೂ ಮಾಡಪ್ಪೋ ಮಾರಾಯ! ಗಾಡಿ ಬಂತಂದ್ರ ನನ್ನ ಬಾಳೇ ಹಾಳು!"

ಬಡಿಗೆಗಳು ನಿಂತವು. ಗೌಡ ಕೈ ಅಡ್ಡ ಹಿಡಿದಿದ್ದ.

"ಮುಗೀಲಿ," ಅಂದ ಹಲ್ಲು ಕಡಿಯುತ್ತ. "ಮುಗಿದ ಮ್ಯಾಲ ನೋಡಕೊಳ್ರಿ."

ತಿರುಪತಿ ಇನ್ನೊಂದು ಬಿಳಿ ಬಟ್ಟೆ ಝಾಡಿಸಿ ಕೊರಳಿಗೆ ಕಟ್ಟಿದ. ಬಲಗಿವಿಯ ಮೇಲೆ ಬಾಚಣಿಗೆ ಇಟ್ಟ. ಕತ್ತರಿ ಸಪ್ಪಳ ಶುರುವಾಯಿತು.

ಅಮಾತೆಪ್ಪ ಮೆಲ್ಲಗೆ ಕಟ್ಟೆ ಹತ್ತಿ, ಖುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ಮುಂದಿನ ಪಾಳಿ ನಂದು," ಅಂದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹೆದರಿಕೆ ಇತ್ತು, ಸುಳ್ಳು ಯಾಕೆ. ಆದರೂ ಹತ್ತಿದೆವು. ಅವನ ಹಿಂದೆ ಒಬ್ಬೊಬ್ಬರಾಗಿ ಕೂತೆವು. ದುರಗಮ್ಮ ಸಗಣಿ ಬುಟ್ಟಿ ಮಗ್ಗುಲಲ್ಲಿಟ್ಟುಕೊಂಡು ಕಟ್ಟೆಯ ತುದಿಗೆ ಕೂತಳು.

ದೂರದ ತಿರುವಿನಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಶರಣಗೌಡ ಖುರ್ಚಿಯಲ್ಲಿ ಮಿಸುಕಾಡಿದ. ಗೋಡೆಯ ಕನ್ನಡಿ ಚೂರಿನಲ್ಲಿ ಅವನ ಮುಖ ಪೂರ್ತಿ ಹಿಡಿಸಿರಲಿಲ್ಲ. ಅವನ ಒಂದು ಕಿವಿ, ಅದರ ಹಿಂದೆ ಬಡಿಗೆಗಳು, ಬಡಿಗೆ ಹಿಡಿದ ಕೈಗಳು ಕಾಣುತ್ತಿದ್ದವು. ತಿರುಪತಿ ಅದನ್ನೆಲ್ಲ ನೋಡಿದ.

"ತಲಿ ಅಲ್ಲಾಡಿಸಬ್ಯಾಡ," ಅಂದ.

ಕೂದಲು ಸ್ವಲ್ಪ ಸ್ವಲ್ಪವಾಗಿ ಉದುರುತ್ತಿತ್ತು. ಅವನಿಗೆ ಅವಸರವೇನೂ ಇರಲಿಲ್ಲ.