ಗುರಾಣಿ ಎಂದರೆ ತಗಡು

ವಿಚಾರವಂತರಾದ ವಾಚಕ ಮಹಾಶಯರೇ, ಭೀತಿಯೆಂಬುದು ಯಾವ ದ್ವಾರದಿಂದ ಮನುಷ್ಯನೊಳಗೆ ಪ್ರವೇಶಿಸುತ್ತದೆಂದು ತಾವು ಬಲ್ಲಿರಾ — ಯಾರಿಗೆ ಹೇಳುತ್ತಿದ್ದೇನೆ, ಇಲ್ಲಿ ವಾಚಕರು ಯಾರೂ ಇಲ್ಲ, ಓಣಿಯಲ್ಲಿ ಮೈಕು ಕಟ್ಟಿದ ಆಟೋ ಹಾದುಹೋಗುತ್ತಿದೆ ಅಷ್ಟೆ, ಉರ್ದು ಶಾಲೆಯಲ್ಲಿ ಲಸಿಕೆ, ಇವತ್ತೇ ಕೊನೆ, ತಪ್ಪದೆ ಬನ್ನಿ, ಧ್ವನಿ ಮೂಲೆ ತಿರುಗಿ ತೆಳುವಾಗುತ್ತದೆ, ಹತ್ತಿ ಹಿಂಜುವ ನನ್ನ ಬಿಲ್ಲಿನ ತಂತಿಗೆ ಸಿಕ್ಕ ಬೂರುಗ ಮೇಲೆದ್ದು ತಂಗಿಯ ಅಂಗಳವನ್ನೆಲ್ಲ ಬೆಳ್ಳಗೆ ಮಾಡುತ್ತದೆ, ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಾಳೆ, ಮೆಹರ್ ಬಾನು, ನನಗಿರುವ ಒಬ್ಬಳೇ ತಂಗಿ, ಸಕ್ಕರೆ ಕಾಯಿಲೆ, ಉಬ್ಬಸ ಬೇರೆ — ಈ ಶರೀರಕ್ಕೆ ಕೊರೊನಾ ಬಂದ್ರೆ ತಡೆಯಲ್ಲ ದಸ್ತಗೀರ್ ಸಾಬ್ರೇ, ಮೊದಲು ಇಂಜೆಕ್ಷನ್ ಹಾಕ್ಸಿ, ಎಂದು ಡಾಕ್ಟರು ಅವಳನ್ನು ಬಿಟ್ಟು ನನ್ನ ಮುಖ ನೋಡಿ ಹೇಳಿದ್ದರು, ಅವಳಿಗೆ ಇನ್ನು ಯಾರಿದ್ದಾರೆ. ಆಶಾ ಕಾರ್ಯಕರ್ತೆ ಆಶಾರಾಣಿ ಬೆಳಿಗ್ಗೆಯೇ ಬಂದು ಹೋದಳು, ಏನ್ ಮೆಹರಕ್ಕ, ಇವತ್ತಾದ್ರೂ ಬರ್ತೀಯೋ, ಇಲ್ಲ ನನ್ ಇನ್ನೊಂದ್ ಜೊತೆ ಚಪ್ಲೀನೂ ಸವೆಸ್ತೀಯೋ, ಎಂದಳು, ಪಕ್ಕದ ಮನೆಯ ಕಲ್ಲಮ್ಮ ಜಗುಲಿಯಿಂದಲೇ, ನೀನ್ ಹಾಕ್ಸ್ಕೊಂಡ್ ಮ್ಯಾಕೆ ನಾಲ್ಗೆ ಇನ್ನೂ ಉದ್ದ ಆಗೈತೆ ಬುಡು, ಎಂದಳು, ಇಬ್ಬರೂ ನಕ್ಕರು, ತಂಗಿ ನಗಲಿಲ್ಲ, ಯಾವ್ ಇಂಜೆಕ್ಸನ್ನು ಎಂದಷ್ಟೇ ಕೇಳಿದಳು, ಕೋವಿಶೀಲ್ಡ್ ಕಣಕ್ಕ, ಎಂದೊಡನೆ ಅವಳ ಮುಖ ಮುಚ್ಚಿಕೊಂಡಿತು.

ನಮ್ಮ ಪಿಂಜಾರರ ಮನೆಮಾತು ಕನ್ನಡ, ಕನ್ನಡದ ಕಿವಿಗೆ ಆ ಹೆಸರು ಎರಡು ತುಂಡಾಗಿ ಬೀಳುತ್ತದೆ, ಕೋವಿ ಒಂದು, ಸೀಲು ಒಂದು — ಹೆಸ್ರಲ್ಲೇ ಕೋವಿ ಮಡಗವ್ರೆ, ಇನ್ ಉಳಿಸ್ತಾರಾ, ಎಂಬುದು ಕಲ್ಲಮ್ಮನ ಹಾಸ್ಯ, ಅದನ್ನು ಗುಬ್ಬಿಯ ಹೋಟೆಲಿನಲ್ಲಿ ಹೇಳಿ ನಾನೂ ಪುಕ್ಕಟೆ ಚಹಾ ಕುಡಿದಿದ್ದೇನೆ, ಆದರೆ ತಂಗಿಗೆ ಕೋವಿಯ ಭಯವಿಲ್ಲ, ಸೀಲಿನದು, ಹೋದ ವರ್ಷ ಅವಳ ಗಂಡನನ್ನು ಆಂಬುಲೆನ್ಸು ಒಯ್ದ ದಿನವೇ ಸೀಲ್ ಡೌನ್ ಎಂದು ಬಾಗಿಲಿಗೆ ಅಡ್ಡಲಾಗಿ ತಗಡು ಬಡಿದರು, ಒಳಗೆ ಇವಳೊಬ್ಬಳೇ, ಅವನು ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿಯನ್ನು ನಾನು ತಗಡಿನ ಈಚೆ ನಿಂತು ಕೂಗಿ ಹೇಳಬೇಕಾಯಿತು, ಅಂಥ ಸುದ್ದಿಯನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ, ಒಳಗಿನಿಂದ ಅಳು ಬರಲಿಲ್ಲ, ಅಂಗೈಯಿಂದ ತಗಡು ಬಡಿಯುವ ಸದ್ದು ಬಂತು, ಬಹಳ ಹೊತ್ತು ಬಂತು — ಚುಚ್ಚುದ್ರೆ ಜ್ವರ ಬರುತ್ತೆ ಅಂತ ಅವ್ರೇ ಹೇಳ್ತಾರಲ್ಲಣ್ಣ, ಜ್ವರ ಬಂದ್ ಮನೇಗೇ ಅಲ್ವಾ ತಗಡು ಹೊಡ್ದಿದ್ದು, ಎಂದು ಈಗ ತಂಗಿ ಕೇಳುತ್ತಾಳೆ, ಅದು ಸೀಲಲ್ಲ ಕಣೇ, ಶೀಲ್ಡು, ಇಂಗ್ಲಿಷಲ್ಲಿ ಗುರಾಣಿ ಅಂತ, ಎಂದೆ, ನಾನು ಓದುವ ಬಸ್ ಸ್ಟ್ಯಾಂಡಿನ ಅಗ್ಗದ ಕಾದಂಬರಿಗಳಲ್ಲಿ ರಾಜಕುಮಾರರು ಹಿಡಿಯುತ್ತಿದ್ದ ಗುರಾಣಿ, ಗುರಾಣಿ ಅಂದ್ರೆ ಏನಣ್ಣ, ಕತ್ತಿ ಏಟಿಗೆ ಅಡ್ಡ ಹಿಡಿಯೋ ತಗಡು ಕಣೇ — ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನೋಡ್ದಾ, ತಗಡೇ, ಎಂದಳು, ಕೋಪವಿಲ್ಲದೆ, ಎದ್ದು ಹೊಸ್ತಿಲ ಮೇಲೆ ಕುಳಿತಳು, ಆಮೇಲೆ, ಹಾಕ್ಸ್ಕೋತೀನಣ್ಣ, ಒಂದೇ ಮಾತು, ಸೀಲ್ ಮಾಡುದ್ರೆ ನೀನೂ ಒಳಗೆ ನನ್ ಜೊತೆ ಇರ್ಬೇಕು. ಹುಚ್ಚಿ, ಈಗ ಯಾರೂ ಸೀಲ್ ಮಾಡಲ್ಲ ಕಣೇ. ಮಾಡಲ್ಲ ಅಂತೀಯಲ್ಲ, ಹಂಗಾದ್ರೆ ಇರ್ತೀನಿ ಅನ್ನೋಕೆ ನಿಂಗೇನ್ ಕಷ್ಟ, ಎನ್ನುತ್ತ ರವಿಕೆಯ ಎಡತೋಳನ್ನು ಭುಜದವರೆಗೆ ಮಡಚಿಕೊಂಡಳು. ಇರ್ತೀನಿ ಎನ್ನಬೇಕಷ್ಟೆ, ಮೂರೇ ಅಕ್ಷರ, ನಡೆಸಿಕೊಡುವ ಪ್ರಸಂಗವೇ ಬಾರದ ಮಾತು, ಆದರೂ ಯಡಿಯೂರಿನ ಛತ್ರದಲ್ಲಿ, ಕಡಬದ ಕೆರೆ ಏರಿಯ ಮೇಲೆ, ಯಾರದೋ ಜಗುಲಿಯಲ್ಲಿ ಮಲಗಿ ಬೆಳಗಾಗುವುದರೊಳಗೆ ಹೊರಡುವ ನನಗೆ, ಮುಚ್ಚಿದ ಬಾಗಿಲೆಂದರೇ ಭಯ, ಕೈ ಆಗಲೇ ಬಿಲ್ಲಿನ ತಂತಿಯ ಗಂಟು ಹುಡುಕುತ್ತಿದೆ, ಹೇಳಣ್ಣ, ಎನ್ನುತ್ತಾಳೆ, ತೋಳು ಹಾಗೇ ಇದೆ, ಕೊತ್ತಗೆರೆ ಮದುವೆ ಮನೆಯೋರು ಹಾಸಿಗೆಗೆ ಕಾಯ್ತಾ ಇದಾರೆ ಬಾನು, ಕುಣಿಗಲ್ ಬಸ್ಸು ಹೊರಟ್ಬಿಡುತ್ತೆ — ಇದು ನನ್ನದೇ ಧ್ವನಿ.

ಬಿಲ್ಲಿನ ತಂತಿ ಸಡಿಲಿಸಿದೆ, ತಂತಿ ಮೀಟುವ ಕೊಡತಿಯನ್ನು ಗೋಣಿಯಲ್ಲಿ ಸುತ್ತಿದೆ, ಹೆಗಲಿಗೇರಿಸಿದೆ, ಅವಳು ತಡೆಯಲಿಲ್ಲ, ಹೋಗ್ಬಾ ಅಣ್ಣ, ಎಂದಳು, ಶಾಲೆಯ ಗೇಟಿನಲ್ಲಿ ಆಶಾರಾಣಿ, ಏನ್ ಸಾಬ್ರೇ, ತಂಗಿ ಎಲ್ಲಿ, ಬರ್ತಾಳೆ ಎಂದೆ, ಯಾಕೆ ಹಾಗೆಂದೆ, ಸಂಜೆವರೆಗೂ ಇರ್ತೀವಿ ಕಳ್ಸಿ ಎಂದಳು, ತಲೆಯಾಡಿಸಿದೆ, ನಡೆಯುತ್ತಿದ್ದೇನೆ, ಓಣಿ ದಾಟುವಾಗ ತಿರುಗಿ ನೋಡಿದ್ದೆ, ಅವಳು ಹೊಸ್ತಿಲ ಮೇಲೆಯೇ ಇದ್ದಳು, ರವಿಕೆಯ ತೋಳನ್ನು ಇಳಿಸಿರಲಿಲ್ಲ, ಕುಣಿಗಲ್ ಕುಣಿಗಲ್ ಎಂದು ಕಂಡಕ್ಟರು ಕೂಗುತ್ತಾನೆ, ಹತ್ತು ಸಾಬ್ರೇ, ಗಂಟು ಮೇಲಕ್ಕೆ ಎಸೆಯುತ್ತೇನೆ, ಆ ತೋಳು, ಬಿಸಿಲು ಕಾಣದೆ ಬಿಳಿಚಿದ ತೋಳು, ಬಸ್ಸು ಅಲುಗುತ್ತದೆ, ಇಳಿಸಿರಲಿಲ್ಲ, ಅದಕ್ಕೆ ನನ್ನ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು, ಆ ತೋಳು