ನಿಲ್ಲುವ ಕೂಲಿ

“ಆ ಕಾಲನ್ನ ಟಾರ್ಪಾಲಿನ ಒಳಕ್ಕೆ ಎಳ್ಕೊಳಮ್ಮ. ಸಾಹೇಬ್ರು ಬರೋ ಹೊತ್ತು. ನಾತಕ್ಕೆ ವಾಂತಿ ಮಾಡ್ಕೊಂಡಾರು.”

ಮೇಸ್ತ್ರಿ ಟ್ರೆಂಟ್ ಹೀಗೆ ಗದರಿದಾಗ ಒಡೆಸ್ಸ ಮಡಚುಕುರ್ಚಿಯಲ್ಲಿ ಕೂತು ಬಲಗಾಲಿನ ಬಟ್ಟೆ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ನಾತ ಕಾಲಿಂದಲ್ಲ ಕಣಪ್ಪ. ನೀನು ಬಂದ್ಮೇಲೇ ಶುರುವಾಗಿದ್ದು.”

ಸಾಲಿನಲ್ಲಿದ್ದ ನಾವೆಲ್ಲ ನಕ್ಕೆವು. ಟ್ರೆಂಟನಿಗೂ ನಗು ಬಂತು, ಆದರೆ ಅವನು ಮೇಸ್ತ್ರಿ, ನುಂಗಿಕೊಂಡ.

ನಮ್ಮ ಕಸುಬು ನಿಲ್ಲುವುದು. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನೊಳಗೆ ಜನಸಾಮಾನ್ಯರಿಗೆ ಇರುವ ಕುರ್ಚಿಗಳು ಬೆರಳೆಣಿಕೆ. ಮೊದಲು ಬಂದವರಿಗೆ ಮೊದಲು. ಒಳಗೆ ಕೂತು ವಾದ ಕೇಳುವ ಆಸೆಯಿರುವ ದೊಡ್ಡವರಿಗೆ ಹೊರಗೆ ನಿಲ್ಲುವ ಪುರುಸೊತ್ತಿಲ್ಲ. ಅದಕ್ಕೇ ಒಂದು ಕಂಪನಿ ನಮ್ಮ ಕಾಲುಗಳನ್ನು ಬಾಡಿಗೆಗೆ ಕೊಡುತ್ತದೆ. ರಾತ್ರಿ ತಂಗುವ ಶೆಲ್ಟರುಗಳಿಂದ, ಸೂಪು ಹಂಚುವ ಚರ್ಚಿನ ಬಾಗಿಲಿನಿಂದ ನಮ್ಮನ್ನು ಕರೆತಂದು ಫುಟ್‌ಪಾತಿನ ಮೇಲೆ ನಿಲ್ಲಿಸುತ್ತದೆ. ವಾದದ ದಿನ ಬೆಳಿಗ್ಗೆ ಸಾಹೇಬರು ಟ್ಯಾಕ್ಸಿಯಿಂದ ಇಳಿಯುತ್ತಾರೆ, ನಾವು ಸರಿಯುತ್ತೇವೆ. ಜಾಗ ಒಪ್ಪಿಸಿದ ಮೇಲೇ ಕೂಲಿ.

ಆ ಮಾರ್ಚಿನಲ್ಲಿ ಇಡೀ ದೇಶ ಒಂದೇ ಕೇಸಿನ ಬಾಯಿ ನೋಡುತ್ತಿತ್ತು. ಪ್ರತಿಯೊಬ್ಬನೂ ಆರೋಗ್ಯ ವಿಮೆ ಕೊಳ್ಳಲೇಬೇಕು, ಇಲ್ಲವಾದರೆ ದಂಡ ಅಂತ ಕಾನೂನು ಬಂದಿತ್ತು. ಕಾಯಿಲೆಯಿದೆ ಅಂತ ವಿಮೆ ಕಂಪನಿಗಳು ಇನ್ನು ಮುಂದೆ ಯಾರನ್ನೂ ಆಚೆಗಟ್ಟುವಂತಿಲ್ಲ ಅಂತಲೂ ಅದರಲ್ಲಿತ್ತು. ಕೊಳ್ಳು ಅಂತ ಪ್ರಜೆಯನ್ನು ಬಲವಂತ ಮಾಡಲು ಸಂವಿಧಾನ ಒಪ್ಪುತ್ತದೆಯೇ? ಮಂಗಳವಾರ ಒಳಗೆ ಅದರ ವಾದ. ಅದನ್ನು ಕೇಳಲು ಬರುವವರಿಗಾಗಿ ವಾರಾಂತ್ಯವಿಡೀ ಮಳೆಯಲ್ಲಿ ನೆನೆಯುತ್ತಿದ್ದ ನಮ್ಮಲ್ಲಿ ಒಬ್ಬನಿಗೂ ದುಡ್ಡು ಕೊಟ್ಟು ಕೊಂಡ ವಿಮೆ ಇರಲಿಲ್ಲ.

ಒಡೆಸ್ಸಳಿಗೆ ಸಕ್ಕರೆ ಕಾಯಿಲೆ. ನದಿಯಾಚೆಯ ವರ್ಜೀನಿಯಾದವಳು. ನದಿಯ ಈಚೆ ಬಡವರಿಗೆ ಸರ್ಕಾರ ಕೊಡುವ ಕಾರ್ಡು ಆಚೆ ಅವಳಿಗೆ ಸಿಗದು. ಮುದುಕರ ಆಶ್ರಮವೊಂದರಲ್ಲಿ ಪರರ ಹೇಲು-ಉಚ್ಚೆ ಬಾಚುತ್ತಿದ್ದವಳನ್ನು, ಕಾಲಿನ ಹೆಬ್ಬೆರಳು ಕಪ್ಪಗಾದಾಗ ಅವರೇ ಕೆಲಸದಿಂದ ಕಳಿಸಿಬಿಟ್ಟಿದ್ದರು.

“ಎಮರ್ಜೆನ್ಸಿಗೆ ಹೋಗ್ಬಾರ್ದೇನಕ್ಕ?” ಅಂತ ಕೇಳಿದ್ದೆ.

“ಹೋಗಿದ್ನಲ್ಲೋ ಲಾಂಜೊ. ಕತ್ತರ್ಸೋದಾದ್ರೆ ತಕ್ಷಣ ಒಳಕ್ಕೆ ಕರ್ಕೊತಾರಂತೆ. ಉಳ್ಸೋದಾದ್ರೆ ವಿಮೆ ಬೇಕಂತೆ. ಅಲೆಕ್ಸಾಂಡ್ರಿಯಾದಲ್ಲಿ ಒಬ್ಬ ಕಾಲಿನ ಡಾಕ್ಟ್ರು ಬುಧವಾರ ಬಾ ಅಂದವ್ನೆ, ದುಡ್ಡು ಕೈಲಿ ಹಿಡ್ಕೊಂಡು. ಈ ಕೂಲಿ ಅವನಿಗೇ.”

ಮಳೆ ಜೋರಾದಾಗ ಕ್ಲೀಫಸ್ ಕಸದ ಕರಿ ಚೀಲಕ್ಕೆ ತಲೆ, ಕೈಗಳಿಗೆ ತೂತು ಮಾಡಿ ತೊಟ್ಟುಕೊಂಡ. ಒಂದು ಕಾಲದಲ್ಲಿ ಬಸ್ಸು ಓಡಿಸುತ್ತಿದ್ದ ಮುದುಕ. ಆ ಚೀಲದಲ್ಲಿ ಥೇಟ್ ನ್ಯಾಯಾಧೀಶನಂತೆ ಕಂಡ.

“ಕೋರ್ಟ್ ಶುರು! ಎದ್ದು ನಿಲ್ರಲಾ ಎಲ್ಲ!”

“ನಿಂತೇ ಇದೀವಲ್ಲ ಸ್ವಾಮಿ.”

“ಹಂಗಾದ್ರೆ ಹಂಗೇ ಸಾಯ್ರಿ. ಲಾಂಜೊ, ನೀನು ವಿಮೆ ಬೇಡ ಅನ್ನೋರ ವಕೀಲ. ಬೊಗಳು.”

ನಾನು ಗಂಟಲು ಸರಿಮಾಡಿಕೊಂಡೆ. “ಮಾಸ್ವಾಮಿ, ಇವತ್ತು ವಿಮೆ ಕೊಳ್ಳು ಅಂತಾರೆ. ನಾಳೆ ಬ್ರೊಕೊಲಿ ಕೊಳ್ಳು, ತಿಂದ್ರೆ ಆರೋಗ್ಯ ಅಂತಾರೆ. ಆಮೇಲೆ ನಮ್ಮ ಸ್ವಾತಂತ್ರ್ಯದ ಗತಿ ಏನು?”

ಟಿವಿಯಲ್ಲಿ ಕೋಟಿನವರು ನಿಜವಾಗಿಯೂ ಹೀಗೇ ಮಾತಾಡುತ್ತಿದ್ದರು. ಆ ವಾರ ಬ್ರೊಕೊಲಿಗೆ ಸಿಕ್ಕ ಮರ್ಯಾದೆ ನಮ್ಮಲ್ಲಿ ಯಾರಿಗೂ ಹುಟ್ಟಿದಾಗಿಂದ ಸಿಕ್ಕಿರಲಿಲ್ಲ.

“ಬ್ರೊಕೊಲಿ ತಿನ್ನದಿದ್ರೆ ಬೆರಳು ಕೊಳೀತದೇನ್ಲಾ, ಬೋಳಿಮಗನೆ?” ಅಂದಳು ಒಡೆಸ್ಸ.

“ಒಪ್ಪಿದೆ,” ಅಂದ ಕ್ಲೀಫಸ್. “ನಂಗೂ ಆ ಸೊಪ್ಪು ಕಂಡ್ರೆ ಆಗಾಕಿಲ್ಲ. ಇನ್ನೊಂದು ಮಾತು. ಈ ಅಕ್ಕಂಗೆ ಬಲವಂತವಾಗಿ ವಿಮೆ ಕೊಡಿಸ್ತೀವಿ ಅಂದ್ರೆ ಅಕ್ಕ ಏನಂತಾಳೆ?”

“ಮಾಡ್ರಪ್ಪ ಬಲವಂತ, ಬೇಗ ಮಾಡ್ರಿ, ಅಂತೀನಿ.”

ನಗುತ್ತಿರುವಾಗಲೇ ದೊಡ್ಡ ಕೊಡೆಯೊಂದು ನಮ್ಮ ಮೇಲೆ ಬಂದು ನಿಂತಿತು. ಅದರ ಕೆಳಗೆ ಲಾತ್ರಪ್ ಸಾಹೇಬ. ಕಾನೂನನ್ನು ಬೀಳಿಸಲು ಹೊರಟ ವ್ಯಾಪಾರಿಗಳ ಸಂಘದ ವಕೀಲ. ವಾದ ಮಾಡುವವನಲ್ಲ, ಒಳಗೆ ಕೂತು ಕೇಳುವವನು. ಒಡೆಸ್ಸ ಕಾಯುತ್ತಿದ್ದುದು ಅವನ ಜಾಗವನ್ನೇ. ಕೈಯಲ್ಲಿ ಡೋನಟ್ಟಿನ ಡಬ್ಬ.

“ತಗೊಳ್ಳಿ, ತಗೊಳ್ಳಿ. ಎರಡೆರಡು ತಗೊಳ್ಳಿ,” ಅಂದ ಒಡೆಸ್ಸಳಿಗೆ.

“ನಂಗೆ ಸಕ್ಕರೆ ಕಾಯಿಲೆ ಸರ್.”

“ಅಯ್ಯೋ, ಒಂದರಿಂದ ಏನಾಗುತ್ತೆ!” ಅಂದವನ ಕಣ್ಣು ಕಾಲಿನ ಮೇಲೆ ಬಿತ್ತು. ಕೊಡೆಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡ. “ನೀವು ವಿಮೆ ತಗೊಂಡಿಲ್ವಾ?”

“ಕಾಯಿಲೆ ಇರೋರಿಗೆ ಮಾರಾಕಿಲ್ಲ ಅಂದ್ರು ಸರ್.”

“ಅಂದ್ರೆ ತಗೊಂಡಿಲ್ಲ. ಯಾರೂ ನಿಮ್ಮನ್ನ ಬಲವಂತ ಮಾಡ್ಲಿಲ್ಲ. ನೋಡಿ, ನೀವು ನಿಜವಾಗ್ಲೂ ಸ್ವತಂತ್ರರು.”

“ಹೌದು ಸರ್. ಶನಿವಾರದಿಂದ ಇದೇ ಕಲ್ಲಿನ ಮೇಲೆ ಸ್ವತಂತ್ರವಾಗಿ ನಿಂತಿದೀನಿ.”

ಅವನು ಜೋರಾಗಿ ನಕ್ಕ, ಒಳ್ಳೆಯ ಮನುಷ್ಯನ ಹಾಗೆ. ಡಬ್ಬವನ್ನು ಅವಳ ಮಡಿಲಲ್ಲೇ ಇಟ್ಟು ಹೋದ. ಅವಳು ಅದನ್ನು ಮುಚ್ಚಳ ತೆಗೆಯದೆ ನನಗೆ ದಾಟಿಸಿದಳು. ತಿಂದೆವು. ರುಚಿಯಾಗಿಯೇ ಇತ್ತು.

ಮಂಗಳವಾರ ಬೆಳಗಾದಾಗ ಮಳೆ ನಿಂತಿತ್ತು, ನೆಲ ಒದ್ದೆ. ಒಡೆಸ್ಸಳ ಪಾದ ಊದಿಕೊಂಡು ಬೂಟಿನೊಳಗೆ ಹೋಗಲೊಲ್ಲದು. ಬೂಟಿನ ಪಕ್ಕೆ ಸೀಳಿ ತೂರಿಸಿದೆವು. ರಸ್ತೆಯಾಚೆ ಫಲಕ ಹಿಡಿದವರ ಗಲಾಟೆ ಆಗಲೇ ಶುರುವಾಗಿತ್ತು. ಒಳಗೆ ಹೋಗುವ ಚೀಟಿ ಕೊಡುತ್ತ ಪೊಲೀಸಿನವನು ಸಾಲಿನ ತಲೆಯಿಂದ ಬರುತ್ತಿದ್ದ. ಟ್ಯಾಕ್ಸಿಗಳು ಬಂದು ನಿಂತವು. ನನ್ನ ಸಾಹೇಬ ಬಂದ, ನಾನು ಸರಿದೆ. ಕ್ಲೀಫಸ್ ಸರಿದ.

ಲಾತ್ರಪ್ ಒಡೆಸ್ಸಳ ಹತ್ತಿರ ಬಂದು ದನಿ ತಗ್ಗಿಸಿದ.

“ಇನ್ನೊಂದು ಸಣ್ಣ ಕೆಲಸ ಇದೆಯಮ್ಮ. ಇಲ್ಲಿಂದ ಬಿಟ್ಟಮೇಲೆ ರಸ್ತೆ ದಾಟಿ ನಮ್ಮ ಜನರ ಜೊತೆ ನಿಂತ್ಕೊಳ್ಳಿ. ಫಲಕ ಅವರೇ ಕೊಡ್ತಾರೆ, ‘ನನ್ನ ಸ್ವಾತಂತ್ರ್ಯ ಮುಟ್ಟಬೇಡಿ’ ಅಂತ. ನಿಮ್ಮಂಥವರ ಮುಖ ನಮ್ಮ ಕಡೆ ಸ್ವಲ್ಪ ಕಡಿಮೆ. ಕ್ಯಾಮೆರಾದವರು ಬಂದಾಗ ಕಾಲು ಮಾತ್ರ ಕಾಣದ ಹಾಗೆ ನೋಡ್ಕೊಳ್ಳಿ. ಬೇರೆ ಕೂಲಿ ಕೊಡಿಸ್ತೀನಿ.”

ಒಡೆಸ್ಸ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದಳು. ಅವನು ಜಾಗಕ್ಕೆ ಕಾಲಿಡಲು ಮುಂದಾದ. ಅವಳು ಸರಿಯಲಿಲ್ಲ.

“ಸರ್, ಒಂದು ಕೇಳ್ತೀನಿ. ಕೊಳ್ಳು ಅಂತ ಯಾರನ್ನೂ ಬಲವಂತ ಮಾಡಂಗಿಲ್ಲ, ಅಲ್ವಾ?”

“ಖಂಡಿತ ಇಲ್ಲ.”

“ಮಾರು ಅಂತ ಮಾಡ್ಬೋದಾ?”

“ಏನು?”

“ಈ ಜಾಗ ನಾನು ಮಾರಲ್ಲ.”

ಟ್ರೆಂಟ್ ಓಡಿ ಬಂದ. “ಏಯ್, ತಲೆ ಕೆಟ್ಟಿದ್ಯಾ? ಸರಿ ಆ ಕಡೆ! ಒಂದು ಕಾಸೂ ಕೊಡಲ್ಲ ನಿಂಗೆ. ಇನ್ನೆಂದೂ ಸಾಲಿಗೆ ಸೇರಿಸಲ್ಲ. ಬುಧವಾರ ಡಾಕ್ಟ್ರಿಗೆ ಏನ್ ಕೊಡ್ತೀಯ, ನಿಮ್ಮವ್ವನ್ನ ಅಡ ಇಡ್ತೀಯಾ?”

“ಗೊತ್ತಿಲ್ಲ ಕಣಪ್ಪ,” ಅಂದಳು. “ಒಳಗೆ ನನ್ನ ಕಾಲಿನ ವಿಷಯ ಮಾತಾಡ್ತಾರೆ. ಕಾಲು ನಂದು. ನಾನೇ ಕೇಳಿಸ್ಕೊತೀನಿ.”

ಪೊಲೀಸಿನವನು ಬಂದ. “ಇದು ಯಾರ ಜಾಗ?”

“ನನ್ನದು,” ಅಂದ ಲಾತ್ರಪ್. “ಹಣ ಕೊಟ್ಟಿದ್ದೇನೆ.”

“ಇಲ್ಲಿ ಯಾರೂ ಏನೂ ಮಾರಲ್ಲ ಸರ್. ನಿಂತಿದ್ದೋರು ಯಾರು?”

“ಅವಳು!” ಅಂತ ಕ್ಲೀಫಸ್ ಕಿರುಚಿದ. ನಾವೆಲ್ಲ ಕಿರುಚಿದೆವು. ನನ್ನ ಸಾಹೇಬನೂ ತನ್ನ ಸರದಿ ತಪ್ಪೀತೆಂದು ಹೆದರಿಯೋ ಏನೋ, “ಹೌದು, ಆಕೆಯೇ” ಅಂದ.

ಪೊಲೀಸಿನವನು ಅವಳಿಗೆ ಚೀಟಿ ಕೊಟ್ಟ.

ಕಂಚಿನ ದೊಡ್ಡ ಬಾಗಿಲಿನಿಂದ ಯಾರನ್ನೂ ಒಳಗೆ ಬಿಡುವುದಿಲ್ಲ. ಪಕ್ಕದ ಬಾಗಿಲಿಗೆ ಹೋಗಬೇಕು. ಬಿಳಿ ಅಮೃತಶಿಲೆಯ ಅಂಗಳ ದಾಟಿ ಒಡೆಸ್ಸ ನಡೆದಳು. “ಬೇಗ ಬೇಗ,” ಅಂತ ಯಾರೋ ಗದರಿದರು. “ನಡೀತಾ ಇಲ್ವೇನಪ್ಪ?” ಅನ್ನುವ ಅವಳ ದನಿ ನಮಗೂ ಕೇಳಿಸಿತು.

ಕೆಲವೇ ನಿಮಿಷ ಇಣುಕಿ ಬರುವವರಿಗೆಂದು ಬೇರೊಂದು ಸಾಲಿದೆ, ಉದ್ದ. ಲಾತ್ರಪ್ ಅದರ ಬಾಲಕ್ಕೆ ಹೋಗಿ ನಿಂತ. ಪಾಪ, ಅವನಿಗೆ ನಿಲ್ಲಲು ಬರುತ್ತಿರಲಿಲ್ಲ. ಮಂಡಿ ಸೆಟೆಸಿಕೊಂಡು, ಭಾರವನ್ನೆಲ್ಲ ಒಂದೇ ಹಿಮ್ಮಡಿಯ ಮೇಲೆ ಬಿಟ್ಟು, ಹೊಸಬರು ಮಾಡುವ ತಪ್ಪನ್ನೆಲ್ಲ ಮಾಡುತ್ತಿದ್ದ. ಸ್ವಲ್ಪ ಹೊತ್ತಿಗೇ ಕಾಲು ಬದಲಿಸತೊಡಗಿದ. ಆಮೇಲೆ ನನ್ನನ್ನು ಕೈಬೀಸಿ ಕರೆದ.

“ಸ್ವಲ್ಪ ನನ್ನ ಜಾಗ ನೋಡ್ಕೊಳ್ತೀರಾ? ಬಾತ್‌ರೂಮಿಗೆ ಹೋಗಿಬರ್ತೀನಿ. ಕೇಳಿದಷ್ಟು ಕೊಡ್ತೀನಿ.”

ನಾನು ಅಂಗಳದ ಕಡೆ ನೋಡುತ್ತಿದ್ದೆ. ಅಮೃತಶಿಲೆಯ ಮೇಲೆ ಒಡೆಸ್ಸಳ ಹೆಜ್ಜೆಗಳು ಪಕ್ಕದ ಬಾಗಿಲವರೆಗೂ ಮೂಡಿದ್ದವು. ಎಡಗಾಲಿನವು ಬರೀ ನೀರು, ಆಗಲೇ ಆರುತ್ತಿದ್ದವು. ಬಲಗಾಲಿನವು ಕೆಂಪಗಿದ್ದವು, ಆರುವಂಥವಾಗಿರಲಿಲ್ಲ.