ಮೊಣಕಾಲಿನ ಕೆಳಗಿನ ಬಟ್ಟೆ

ಸ್ಪರ್ಧೆಗೆ ಮುಂಚೆ ಹುಡುಗಿಯರ ಈಜುಡುಗೆ ಪರೀಕ್ಷಿಸುವ ಕೆಲಸ ಪದ್ಮಶ್ರೀಯದು. ಕನಕಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ ಆಗಿದ್ದ ಆಕೆ ಒಂದು ಕಾಲಕ್ಕೆ ತಾನೂ ಈಜಿ ಪದಕ ಗೆದ್ದವಳು. ನಿಯಮ ಬಾಯಿಪಾಠವಾಗಿತ್ತು. ಮೈಮೇಲೆ ಒಂದೇ ಉಡುಗೆ, ಅದೂ ಬರೀ ಬಟ್ಟೆಯದು, ಜಿಪ್ಪು ಕೂಡದು. ಹೆಣ್ಣುಮಕ್ಕಳದ್ದು ಭುಜ ದಾಟಬಾರದು, ಮೊಣಕಾಲಿನಿಂದ ಕೆಳಗೆ ಇಳಿಯಬಾರದು. ಕೊಂಡ ಮೇಲೆ ತೇಪೆ ಹಾಕಿ ಬದಲಾಯಿಸಿದ್ದನ್ನಂತೂ ಬಿಡುವ ಹಾಗೇ ಇಲ್ಲ.

ಅವತ್ತು ರಾಮನಗರದ ಈಜುಕೊಳದಲ್ಲಿ ಜಿಲ್ಲಾ ಆಯ್ಕೆ. ಬೈರಾಪಟ್ಟಣದ ನವ್ಯಶ್ರೀ, ಪಿಯುಸಿ ಓದುವ ಹುಡುಗಿ, ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಟವೆಲ್ ತೆಗೆಸಿದಾಗ ಉಡುಗೆ ಕಾಲ ಹರಡಿನವರೆಗೂ ಇತ್ತು. ಪದ್ಮಶ್ರೀ ಮೊಣಕಾಲಿನ ಸುತ್ತ ಬೆರಳಾಡಿಸಿದಳು. ದಪ್ಪ ಹೊಲಿಗೆ ಸಿಕ್ಕಿತು.

"ಇದನ್ನ ಜೋಡಿಸಿದ್ದು ಯಾರು?"

"ನಮ್ಮವ್ವ ಮೇಡಂ."

"ಇದು ನಡಿಯಲ್ಲಮ್ಮ. ಬೇರೆ ಇದ್ರೆ ಹಾಕ್ಕೊಂಡು ಬಾ."

"ಬ್ಯಾರೆ ಇಲ್ಲ. ಇಂಗೇ ಬುಟ್ಬುಡಿ ಮೇಡಂ, ನಿಮ್ಮ ಕಾಲ್ಗೆ ಬೀಳ್ತೀನಿ." ನಿಜವಾಗಿಯೂ ಬಗ್ಗಿದಳು. ಬಗ್ಗುವಾಗ ನೋವಿಗೆ ಅವಳ ಮುಖ ಕಿವುಚಿತು.

ಪದ್ಮಶ್ರೀ ಬಾಗಿಲು ಹಾಕಿ ಬಂದಳು. ಅಂಚು ಹಿಡಿದು ಬಟ್ಟೆಯನ್ನು ಮೆಲ್ಲಗೆ ಮೇಲೆ ಸರಿಸಿದಳು. ಮೀನಖಂಡದ ತುಂಬ ಬಾಸುಂಡೆ. ಕೆಲವು ಕಪ್ಪುಗಟ್ಟಿದ್ದವು, ಕೆಲವು ಒಡೆದು ಬಟ್ಟೆಗೇ ಅಂಟಿಕೊಂಡಿದ್ದವು.

"ತೋಟದ ಡ್ರಿಪ್ ಪೈಪು," ಎಂದಳು ಹುಡುಗಿ. "ಟೈಮು ಬರ್ನಿಲ್ಲ ಅಂದ್ರೆ ಅಪ್ಪಾಜಿ ಕಾಲ್ಗೇ ಒಡೀತದೆ. ನೀರಲ್ಲಿ ಕಾಲು ಸೋಮಾರಿ ಆಗ್ತವೆ ಅಂತದೆ."

ಅಪ್ಪ ದೇವರಾಜು ಹೊರಗೆ ಗ್ಯಾಲರಿಯಲ್ಲಿ ಕುಳಿತಿದ್ದ. ತೆಂಗು, ಹಿಪ್ಪುನೇರಳೆ ಬೆಳೆದು ಚೆನ್ನಾಗಿಯೇ ಬಾಳುತ್ತಿದ್ದ ಒಕ್ಕಲು. ತಾನು ಮಾತ್ರ ಮಂಡಿಯುದ್ದದ ನೀರಿಗೂ ಇಳಿದವನಲ್ಲ. ಮಗಳಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಗಬೇಕೆಂಬ ಹಟ ಅವನ ತಲೆಗೇರಿತ್ತು.

"ನೀನು ಇವತ್ತು ಈಜೋದು ಬೇಡ. ಇಲ್ಲೇ ಕೂತಿರು, ಪೊಲೀಸಿಗೆ ಫೋನ್ ಮಾಡಿಸ್ತೀನಿ."

"ಈಜ್ನಿಲ್ಲ ಅಂದ್ರೆ ಮನೇಲಿ ಸಾಯಿಸ್ಬುಡ್ತದೆ ಮೇಡಂ."

ನವ್ಯಶ್ರೀ ಇದ್ದಕ್ಕಿದ್ದಂತೆ ಬೆಂಚಿನ ಮೇಲೆ ಕುಳಿತಳು. ಹೊಲಿಗೆಯ ದಾರ ಹಲ್ಲಿನಲ್ಲಿ ಕಚ್ಚಿ ಕಿತ್ತು, ಎರಡೂ ಕಾಲಿನ ತೇಪೆಯನ್ನು ಸಿಗಿದು ಎಸೆದಳು. ಅಂಟಿಕೊಂಡಿದ್ದ ಕಡೆ ಹಕ್ಕಳೆ ಕಿತ್ತು ರಕ್ತ ಜಿನುಗಿತು.

"ಈಗ ಮೊಣಕಾಲ್ಗಂಟ ಅದೆ. ನೋಡೋರೆಲ್ಲ ನೋಡ್ಲಿ ಬುಡಿ."

ಪದ್ಮಶ್ರೀ ತಡೆಯುವಷ್ಟರಲ್ಲಿ ಬಾಗಿಲು ತೆರೆದು ನಡೆದುಬಿಟ್ಟಿದ್ದಳು.

ಕೊಳದ ದಡದಲ್ಲಿದ್ದವರ ಮಾತು ನಿಂತಿತು. ದೇವರಾಜು ಕಂಬಿ ಹಾರಿ ಬಂದ. ಬಂದವನೇ ಮಗಳ ಕೆನ್ನೆಗೆ ಬಾರಿಸಿದ. ಅವಳು ಬಿದ್ದಳು. ಬಿದ್ದವಳ ಪಕ್ಕೆಗೆ ಒದ್ದ.

"ಊರ್ಗೆಲ್ಲಾ ಕಾಲು ತೋರುಸ್ಕಂಡು ನನ್ ಮಾನ ಕಳೀತೀಯೇನೇ?"

ಪದ್ಮಶ್ರೀ ಅಡ್ಡ ಬಂದಳು. "ಮುಟ್ಟಬೇಡಿ ಅವಳನ್ನ!" ಅವನು ಆಕೆಯ ಕತ್ತಿಗೆ ಕೈ ಹಾಕಿ ನೂಕಿದ. ಸ್ಪರ್ಧಿಗಳು ನಿಂತು ಧುಮುಕುವ ಸಿಮೆಂಟು ಕಟ್ಟೆಗೆ ಆಕೆಯ ಹಣೆ ಬಡಿದು ಸೀಳಿತು. ರಕ್ತ ಕಣ್ಣಿಗಿಳಿದು ಆಕೆಗೆ ಏನೂ ಕಾಣದಾಯಿತು. ದೇವರಾಜು ಮಗಳ ಜಡೆ ಹಿಡಿದು ದಡದಗುಂಟ ಗೇಟಿನ ಕಡೆಗೆ ಎಳೆದ. ನವ್ಯಶ್ರೀ ತೆವಳಿಕೊಂಡೇ ಎದ್ದು, ಎರಡೂ ಅಂಗೈಯನ್ನು ಅವನ ಎದೆಗಿಟ್ಟು ಇದ್ದಬದ್ದ ಬಲವನ್ನೆಲ್ಲ ಹಾಕಿ ತಳ್ಳಿದಳು.

ಅವನು ಮಗುಚಿಬಿದ್ದದ್ದು ಕೊಳದ ಆಳದ ಕಡೆಗೆ.

ಒಮ್ಮೆ ತಲೆ ಕಂಡಿತು, ಬಾಯಿ ತೆರೆದಿತ್ತು. ಮತ್ತೆ ಮುಳುಗಿತು. ಕೊಳದ ಕಾವಲಿಗಿದ್ದ ವಾಸಿಂ ಆ ತುದಿಯಿಂದ ಓಡಿಬರುತ್ತಿದ್ದ. ಗ್ಯಾಲರಿಯಲ್ಲಿ ಲತಾಮಣಿ, ನವ್ಯಶ್ರೀಯ ತಾಯಿ, ಎದ್ದು ನಿಂತಿದ್ದಳು. ಗಂಡ ಮುಳುಗುತ್ತಿದ್ದರೂ ಅವಳ ಬಾಯಿಂದ ಕೂಗು ಬರಲಿಲ್ಲ. ಮಗಳೂ ದಡದಲ್ಲಿ ನಿಂತೇ ಇದ್ದಳು.

ಆಮೇಲೆ ನೆಗೆದಳು.

ಕೈಗೆ ಸಿಕ್ಕಿದ್ದೇ ತಡ ಅಪ್ಪ ಅವಳ ಕತ್ತನ್ನು ಬಾಚಿ ಹಿಡಿದ. ಭುಜ ತುಳಿದು ಮೇಲೆ ಹತ್ತಿದ. ಅವಳು ಕೆಳಗೆ ಹೋದಳು, ನೀರು ಮೂಗಿಗೆ ನುಗ್ಗಿತು. ಬಿಡಿಸಿಕೊಳ್ಳಲು ನೋಡಿದಷ್ಟೂ ಹಿಡಿತ ಬಿಗಿಯಾಯಿತು. ಕೊನೆಗೆ ಮೊಣಕೈ ಹಿಂದಕ್ಕೆಳೆದು ಅವನ ಮುಖಕ್ಕೆ ಗುದ್ದಿದಳು. ಮತ್ತೊಮ್ಮೆ ಗುದ್ದಿದಾಗ ಮೂಗಿನ ಮೂಳೆ ಲಟಕ್ಕೆಂದದ್ದು ಅವಳ ಕೈಗೇ ತಿಳಿಯಿತು. ನೀರು ಕೆಂಪಾಯಿತು, ಹಿಡಿತ ಸಡಿಲವಾಯಿತು. ಹಿಂದಿನಿಂದ ಗಲ್ಲಕ್ಕೆ ಕೈಕೊಟ್ಟು ದಡಕ್ಕೆ ಎಳೆದು ತಂದಳು. ವಾಸಿಂ ಮೇಲೆತ್ತಿಕೊಂಡ.

ನೀರು ಕಾರಿ ಉಸಿರು ಬಂದೊಡನೆ ದೇವರಾಜು ಮಾಡಿದ ಮೊದಲ ಕೆಲಸ ಮಗಳ ಕಾಲು ಹಿಡಿದದ್ದು. ಬಾಸುಂಡೆಯ ಮೇಲೇ ಉಗುರೂರಿ ಹಿಡಿದ.

"ಎತ್ತಪ್ಪನ್ನೇ ಸಾಯ್ಸಕ್ಕೆ ನೋಡ್ದೇನೇ... ಮನೆಗ್ ಬಾ, ಐತೆ ನಿಂಗೆ."

ಅಷ್ಟರಲ್ಲಿ ಇಳಿದು ಬಂದಿದ್ದ ಲತಾಮಣಿ, "ಬುಡು ಅವ್ಳನ್ನ," ಎಂದಳು. ಅವನು ಬಿಡಲಿಲ್ಲ. ಅವಳು ಚಪ್ಪಲಿ ಕಾಲಿಂದ ಅವನ ಮಣಿಕಟ್ಟನ್ನು ಮೆಟ್ಟಿದಳು. ಬೆರಳು ಬಿಚ್ಚುವ ತನಕ ಮೈಭಾರವನ್ನೆಲ್ಲ ಬಿಟ್ಟು ಮೆಟ್ಟಿದಳು.

ಪದ್ಮಶ್ರೀ ಫೋನ್ ಮಾಡಿಸಿ ಕರೆಸಿದ ಪೊಲೀಸರು ಬಂದಾಗ ಲತಾಮಣಿಯೇ ಮುಂದೆ ನಿಂತು ಹೇಳಿದಳು. "ಒಡೆಯೋದ ಕಂಡೋಳು ನಾನು. ಬಟ್ಟೆ ಒಲ್ದು ಮುಚ್ದೋಳೂ ನಾನೇಯ. ಎಲ್ಲಾನೂ ಬರ್ಕಳಿ."

ದೇವರಾಜುವನ್ನು ಕರೆದೊಯ್ದರು. ತಾಯಿ ಮಗಳು ಬೈರಾಪಟ್ಟಣಕ್ಕೆ ವಾಪಸು ಹೋಗಲಿಲ್ಲ. ಮಾಗಡಿ ತಾಲೂಕಿನ ತಿಪ್ಪಸಂದ್ರದಲ್ಲಿ ಲತಾಮಣಿಯ ತವರಿತ್ತು. ಅಜ್ಜಿ ಬೈರಮ್ಮ, ರಾಜಿ ಮಾಡಿಸಲು ಬಂದ ನೆಂಟರಿಗೆ ಮಜ್ಜಿಗೆ ಕೊಟ್ಟು, "ಕುಡ್ಕಂಡು ಎದ್ದೇಳಿ," ಎಂದು ಕಳಿಸಿದಳಂತೆ.

ಕೇಸು ಕೋರ್ಟಿಗೆ ಬಂತು. ಸಾಕ್ಷಿ ಹೇಳಿದ ದಿನ ಪದ್ಮಶ್ರೀ ಹುಡುಗಿಯನ್ನು ಕೋರ್ಟಿನ ಎದುರಿನ ಹೋಟೆಲಿಗೆ ಕರೆದೊಯ್ದಳು. ನವ್ಯಶ್ರೀ ಇಡ್ಲಿ ಮುಟ್ಟದೆ ಕುಳಿತಿದ್ದಳು.

"ಮೇಡಂ, ಅವತ್ತು ನಾನು ದಡದಲ್ಲಿ ನಿಂತಿದ್ನಲ್ಲ, ಬೇಕಂತ್ಲೇ ನಿಂತಿದ್ದೆ. ಓಗ್ಲಿ ಅಂತ. ಇದ ಯಾರ್ಗೂ ಏಳಿಲ್ಲ."

"ಆಮೇಲೆ ಯಾಕೆ ನೆಗೆದೆ?"

"ಗೊತ್ತಿಲ್ಲ. ನೀರಲ್ಲಿ ಯಾರಾರ ಬಿದ್ರೆ ನಂಗೆ ಸುಮ್ಕಿರಕ್ಕಾಗಲ್ಲ."

ಪದ್ಮಶ್ರೀ ಸಾಂಬಾರಿನ ಬಟ್ಟಲನ್ನು ಅವಳ ಕಡೆಗೆ ಸರಿಸಿದಳು. "ತಿನ್ನು," ಎಂದಳು. ಹುಡುಗಿ ತಿನ್ನತೊಡಗಿದಳು, ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ.